ಹೊರೆಯಂಗಿಯ ಪಟ್ಟಿಗಳು

ಕ್ರಿ.ಶ. ೨೩೯೧, ಹದಿನಾಲ್ಕು ದಿನ ಉದ್ದದ ಒಂದು ಹಗಲಿನ ಒಂಬತ್ತನೆಯ ದಿನ
ಚಂದ್ರನ ಮೇಲಿನ ಅಳತೆಮನೆಯಿಂದ

ನೆಲದ ಮೇಲೆ ಬಾಳುತ್ತಿರುವ ಹಿರಿಯರೇ,

ನಾನು ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮೊದಲಿನವರು ನೀವು. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಹೆಸರು ಕಲ್ಲಪ್ಪ, ಇಲ್ಲಿನ ಅಳತೆಗಾರ. ತೂಕದಲ್ಲಿ ಒಂದು ಗುಂಜಿ ಹೆಚ್ಚುಕಡಿಮೆಯಾದರೂ ಊರನ್ನೇ ಬೈಯುವವನೆಂದು ನನಗೆ ಹೆಸರಿದೆ. ಅದನ್ನು ನೆನೆದರೆ ಈಗ ನನಗೇ ಹೇಸಿಗೆ.

ಇಲ್ಲಿ ಗುರುತ್ವ ನಿಮ್ಮದರ ಆರನೇ ಒಂದು ಪಾಲು. ನಿಮ್ಮಲ್ಲಿ ಅರವತ್ತು ಕಿಲೋ ತೂಗುವವರು ನಮ್ಮ ಸ್ಪ್ರಿಂಗ್ ತಕ್ಕಡಿಯಲ್ಲಿ ಹತ್ತೇ ತೂಗುತ್ತಾರೆ. ಎರಡು ತಟ್ಟೆಯ ತಕ್ಕಡಿ ಮಾತ್ರ ಎಲ್ಲಿಟ್ಟರೂ ಒಂದೇ ಮಾತು ಹೇಳುತ್ತದೆ, ತೂಕದ ಬಟ್ಟೂ ಸರಕೂ ಒಟ್ಟಿಗೇ ಹಗುರಾಗುತ್ತವಲ್ಲ. ಇಷ್ಟು ಹಗುರಾಗಿ ಬೆಳೆದ ಮಕ್ಕಳ ಮೂಳೆಗೆ ಸಾಂದ್ರತೆ ಬರುವುದಿಲ್ಲ, ಟೊಳ್ಳಾಗುತ್ತದೆ. ಅದಕ್ಕೇ ಭೂಮಿಗೆ ಇಳಿಯಬೇಕಾದ ಮಕ್ಕಳಿಗೆ ಹೊರೆಯಂಗಿ ತೊಡಿಸುತ್ತೇವೆ. ಕಬ್ಬಿಣದ ಪಟ್ಟಿಗಳನ್ನು ಹೊಲಿದ ಅಂಗಿ ಅದು. ಪ್ರತಿ ಹುಟ್ಟುಹಬ್ಬಕ್ಕೆ ಅಳತೆಗಾರ ಹೊಸ ಪಟ್ಟಿಗಳನ್ನು ತೂಗಿ ಸೇರಿಸುತ್ತಾನೆ, ನೆರೆಹೊರೆಯವರಿಗೆ ಪಾಯಸ.

ನನ್ನ ಮಗಳು ವರದೆಗೆ ಆರು ವರ್ಷವಾದಾಗ ಅವಳ ತಾಯಿ ಶಾಂಭವಿಯನ್ನು ಹೃದಯದ ಕಾಯಿಲೆಗೆಂದು ಭೂಮಿಗೆ ಕಳಿಸಿದೆವು. ಜೀವ ಉಳಿಯಿತು. ಆದರೆ ಮತ್ತೆ ಮೇಲೇರುವ ನೌಕೆಯ ಒತ್ತಡವನ್ನು ಆ ಹೃದಯ ತಾಳದು ಎಂದರು ವೈದ್ಯರು. ಅಲ್ಲಿಗೆ ಮಗಳೇ ತಾಯಿಯ ಬಳಿ ಹೋಗಬೇಕೆಂದಾಯಿತು. ಆ ವಾರವೇ ವರದೆ ಹೊರೆಯಂಗಿ ತೊಟ್ಟಳು. ಭುಜ ಕೆಂಪಗಾಗಿ, ಊಟದ ಮುಂದೆ ಕೂತು ಬಿಕ್ಕುತ್ತಿದ್ದಳು. ಒಂದು ರಾತ್ರಿ ಅವಳು ಮಲಗಿದ ಮೇಲೆ ಪಟ್ಟಿಗಳನ್ನು ಬಿಚ್ಚಿ ಅಷ್ಟೇ ಉದ್ದಗಲದ ಅಲ್ಯೂಮಿನಿಯಂ ಪಟ್ಟಿಗಳಿಗೆ ಕಪ್ಪು ಬಣ್ಣ ಬಳಿದು ಹೊಲಿದೆ. ಮರುದಿನ ಅವಳು, ಭುಜ ಗಟ್ಟಿಯಾಯಿತೆಂದು ಕುಣಿದಳು. ಆಮೇಲೆ ಹದಿನಾರು ವರ್ಷ ನಾನೇ ತೂಗಿದೆ, ನಾನೇ ಸುಳ್ಳು ತೂಕ ಬರೆದೆ. ಕನಿಕರವೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಲೇ? ಅವಳೂ ಹೋಗಿಬಿಟ್ಟರೆ ನನಗೆ ಯಾರಿದ್ದಾರೆಂಬ ಭಯ.

ಕಳೆದ ತಿಂಗಳು, ಮೂಳೆ ಬಲಿತ ವಯಸ್ಸಿನವರನ್ನು ಭೂಮಿಗೆ ಇಳಿಸುವ ನೌಕೆ ಬಂತು. ಮೂಳೆ ಪರೀಕ್ಷಿಸಿದ ವೈದ್ಯೆ ಬೇಸರದಿಂದ, ಅಂಗಿಯನ್ನು ಕದ್ದುಮುಚ್ಚಿ ಬಿಚ್ಚಿಡುತ್ತಿದ್ದೆಯಾ ಎಂದು ಕೇಳಿದರಂತೆ. ಭೂಮಿಯಲ್ಲಿ ಹತ್ತು ಹೆಜ್ಜೆ ನಡೆದರೆ ಕಾಲು ಮುರಿಯುತ್ತದೆ, ಇನ್ನು ಈ ವಯಸ್ಸಿನಲ್ಲಿ ಸರಿಹೋಗದು ಎಂದರಂತೆ. ಒಂದು ದಿನವೂ ಅಂಗಿ ಬಿಚ್ಚದ ಹುಡುಗಿ ಅವಳು. ಸುಮ್ಮನೆ ಮನೆಗೆ ಬಂದು ಒಂದು ಪಟ್ಟಿ ಕಿತ್ತಳು. ಚಿಕ್ಕವಳಿದ್ದಾಗ ನಾನೇ ಕಲಿಸಿದಂತೆ ತಟ್ಟೆಯಲ್ಲಿಟ್ಟು ತೂಗಿದಳು, ನೀರಿನಲ್ಲಿ ಮುಳುಗಿಸಿ ಎಷ್ಟು ನೀರು ಏರಿತೆಂದು ನೋಡಿ ಭಾಗಿಸಿದಳು. ಕಬ್ಬಿಣವಾಗಿದ್ದರೆ ನೀರಿನ ಏಳೂಮುಕ್ಕಾಲು ಪಟ್ಟು ಬರಬೇಕು. ಬಂದದ್ದು ಎರಡೂಮುಕ್ಕಾಲು.

"ಅಪ್ಪಾ, ಇದು ಕಬ್ಬಿಣ ಅಲ್ಲ," ಎಂದಳು. ಅಷ್ಟೇ.

ಅವಳು ಬೈದಿದ್ದರೆ ಬದುಕುತ್ತಿದ್ದೆ. ನೌಕೆ ಅವಳನ್ನು ಬಿಟ್ಟು ಹೋಯಿತು. ಆ ವಾರ ರೇಡಿಯೋದಲ್ಲಿ ಶಾಂಭವಿ, ಮಂಚ ಹಾಕಿಸಿದ್ದೇನೆ, ಹೊಸ ಹಚ್ಚಡ ಹೊಲಿದಿದ್ದೇನೆ, ಯಾವಾಗ ಬರುತ್ತೀಯೆಂದು ಕೇಳಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಬಂಡವಾಳ ಈಗ ಬಯಲಾಗುತ್ತದೆಂದು ಕಾದೆ.

"ನಂಗೇ ಬರೋಕೆ ಮನಸ್ಸಿಲ್ಲಮ್ಮಾ," ಎಂದಳು ವರದೆ. "ಇಲ್ಲೇ ಕೆಲಸ ಇದೆ."

ಶಾಂಭವಿ, ಆಗಲಿ ಮಗಳೇ ಎಂದಳು. ಇಂದಿಗೂ ಅವಳ ಪಾಲಿಗೆ ತಪ್ಪು ಮಗಳದ್ದೇ.

ಹಿರಿಯರೇ, ನಿಮ್ಮ ಮಕ್ಕಳು ಹೊರೆ ಹೊತ್ತು ಅತ್ತರೆ ಪಕ್ಕದಲ್ಲಿ ಕೂತು ಭುಜಕ್ಕೆ ಎಣ್ಣೆ ತಿಕ್ಕಿ. ಪಟ್ಟಿಗೆ ಕೈ ಹಾಕಬೇಡಿ. ನಾಳೆ ಮತ್ತೆ ರೇಡಿಯೋ ದಿನ. ಶಾಂಭವಿಗೆ ನಾನೇ ಹೇಳಬೇಕೆಂದು ಇದನ್ನು ಮೊದಲು ನಿಮಗೆ ಬರೆದು ನೋಡಿದೆ. ಪಕ್ಕದ ಕೋಣೆಯಲ್ಲಿ ವರದೆ ನಿಜವಾದ ಕಬ್ಬಿಣ ತೊಟ್ಟು ನಡೆಯುತ್ತಿದ್ದಾಳೆ. ಪ್ರಯೋಜನವಿಲ್ಲವೆಂದು ಅವಳಿಗೆ ಗೊತ್ತು.

ಕಲ್ಲಪ್ಪ