ಬಂಗಾರ ಕುಟ್ಟಿದ ಬಂಡೆಗೆ ಖಾರದ ವರದಿ

ಹಳೆಯ ಅವಶೇಷಗಳ ಸಮೀಕ್ಷೆ ಮಾಡಿದ ಅಧಿಕಾರಿಗಳೇ,

ಕುಪ್ಪೇಲೂರಿನಾಚೆ ನಮ್ಮ ಗುಡ್ಡದ ಮೇಲಿರುವ ಬಂಡೆಯನ್ನು ತಾವು ‘ಖಾರ ಕುಟ್ಟುವ ಸ್ಥಳ, ಚಾರಿತ್ರಿಕ ಮಹತ್ವವಿಲ್ಲ’ ಎಂದು ವರದಿ ಮಾಡಿದ್ದೀರಿ. ಆ ಒಂದು ಸಾಲಿನ ಬಲದ ಮೇಲೆ, ರಸ್ತೆಗೆ ಜಲ್ಲಿ ಮಾಡಲು ಇದೇ ಹದಿನೆಂಟರಂದು ಅದಕ್ಕೆ ಸಿಡಿಮದ್ದು ಇಡುತ್ತಾರೆ.

ಬಂಡೆಯಲ್ಲಿ ನಲವತ್ತಮೂರು ಗುಳಿಗಳಿವೆ. ಒಂದು ಕಾಲದಲ್ಲಿ ಗುಡ್ಡ ಅಗೆದು ತೆಗೆದ ಬೆಣಚುಕಲ್ಲನ್ನು ಅವುಗಳಲ್ಲಿ ಕುಟ್ಟಿ, ಪುಡಿಯನ್ನು ಹಳ್ಳದ ನೀರಿನಲ್ಲಿ ತೊಳೆದು ಬಂಗಾರ ತೆಗೆಯುತ್ತಿದ್ದರು. ಗಣಿಯ ಎರಡು ಬಾವಿಗಳನ್ನು, ದನ ಬೀಳುತ್ತವೆಂದು, ಹಿಂದೆಯೇ ಮುಚ್ಚಲಾಯಿತು. ಉಳಿದಿರುವುದು ಈ ಬಂಡೆ ಮಾತ್ರ. ಖಾರ ಕುಟ್ಟುವುದೂ ನಿಜ. ಬ್ಯಾಡಗಿಯಿಂದ ಮೆಣಸಿನಕಾಯಿ ತಂದು ಒಣಗಿಸಿ, ವರ್ಷಕ್ಕೊಮ್ಮೆ ನಮ್ಮ ಹೆಣ್ಣುಮಕ್ಕಳು ಅಲ್ಲಿಯೇ ಕುಟ್ಟುತ್ತಾರೆ. ಆದರೆ ಮೆಣಸಿನಕಾಯಿ ಕುಟ್ಟಿದರೆ ಕರಿಗಲ್ಲಿನಲ್ಲಿ ಗೇಣು ಆಳದ ಗುಳಿ ಬೀಳುತ್ತದೆಯೇ? ಬೀಳುವುದಾದರೆ, ಅದನ್ನು ದಿನವೂ ಉಣ್ಣುವ ನಮ್ಮ ಹೊಟ್ಟೆಗಳನ್ನೂ ಸಮೀಕ್ಷೆಗೆ ಒಳಪಡಿಸಬೇಕು.

ತಪ್ಪಿನಲ್ಲಿ ನನ್ನ ಪಾಲೂ ಇದೆ. ಕಳೆದ ವರ್ಷ ತಮ್ಮನ್ನು ಕರೆದ ದಿನವೇ ಖಾರ ಕುಟ್ಟುವ ದಿನ ಎಂಬುದು ನನಗೆ ಹೊಳೆಯಲಿಲ್ಲ. ತಾವು ಜೀಪಿನಿಂದ ಇಳಿದು, ಮೂಗಿಗೆ ರುಮಾಲು ಹಿಡಿದು, ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿರಿ. ಒನಕೆ ಹಿಡಿದಿದ್ದ ನನ್ನ ಚಿಗವ್ವ ಬಸವಣ್ಣೆವ್ವ ಕೂಗಿ ಕರೆದಳು:

“ಸಮೀಪ ಬರ್ರಿ ಸಾಹೇಬ್ರ. ಹಿಂದಕ ಇಲ್ಲಿ ಬಂಗಾರ ಕುಟ್ಟತಿದ್ರಂತ್ರಿ.”

“ನನಗ ಬರೇ ಖಾರ ಕಾಣಾಕತ್ತೈತವ್ವಾ,” ಎಂದಿರಿ ತಾವು.

“ಬಂಗಾರ ತೀರಿತಂತ ಕಲ್ಲು ಸುಮ್ನ ಕುಂದರಬೇಕೇನ್ರಿ?”

ತಾವು ನಾಲ್ಕು ಸಲ ಸೀನಿ ಜೀಪು ಹತ್ತಿದಿರಿ. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಚಿಗವ್ವ ಒಂದು ಡಬ್ಬಿ ಖಾರಪುಡಿ ಕೊಟ್ಟಳು. ಸ್ಥಳದಿಂದ ತಾವು ಸಂಗ್ರಹಿಸಿದ ಏಕೈಕ ಮಾದರಿ ಅದು. ವರದಿಯಲ್ಲಿ ಅದರ ಉಲ್ಲೇಖವಿಲ್ಲ.

ವರದಿಯನ್ನು ಅವಳಿಗೆ ಓದಿ ಹೇಳಿದೆ. “ನಾ ಕುಟ್ಟಿದ್ದಕ್ಕ ಆ ಕಲ್ಲು ಹೋಗತೈತೇನೋ ಹುಲಿಗೇಶಾ?” ಎಂದಳು. ಇದಕ್ಕೆ ಉತ್ತರವನ್ನು ತಾವೇ ಅವಳಿಗೆ ಹೇಳಿ. ಮರುದಿನ ಅವಳೂ ಓಣಿಯ ಹೆಂಗಸರೂ ಕೊಡದಲ್ಲಿ ನೀರು ಹೊತ್ತು, ನಲವತ್ತಮೂರು ಗುಳಿಗಳನ್ನೂ ತಿಕ್ಕಿ ತೊಳೆದರು. ಈ ವರ್ಷ ಅಲ್ಲಿ ಯಾರೂ ಒನಕೆ ಎತ್ತಿಲ್ಲ.

ಆದ್ದರಿಂದ, ಮದ್ದು ಇಡುವುದನ್ನು ತಡೆಯುವಂತೆ ಇಂದೇ ಲಿಖಿತವಾಗಿ ತಿಳಿಸಿ. ಹದಿನೆಂಟರೊಳಗೆ ಬನ್ನಿ. ಆ ಇಪ್ಪತ್ತು ಹೆಜ್ಜೆಯನ್ನೂ ನಡೆದು, ಒಂದು ಗುಳಿಯಲ್ಲಿ ಕೈ ಇಟ್ಟು ನೋಡಿ, ಆಮೇಲೆ ವರದಿ ಬರೆಯಿರಿ. ಈ ಸಲ ರುಮಾಲು ಬೇಕಾಗುವುದಿಲ್ಲ. ಖಾರಪುಡಿಯೂ ಸಿಗುವುದಿಲ್ಲ.

ಇಂತಿ,
ತಮ್ಮನ್ನು ತಪ್ಪು ದಿನ ಕರೆದು, ಈಗ ಗಿರಣಿಯ ಖಾರ ಉಣ್ಣುತ್ತಿರುವ
ಹುಲಿಗೇಶ