ಗಂಗಿಯ ನಾಲಗೆಗೆ ಬರೆ

೧೧ ಆಗಸ್ಟ್ ೧೯೦೮, ಮಂಗಳವಾರ. ಹೊಳಲ್ಕೆರೆ.

ಕುರುಬರ ಕೆಂಚಜ್ಜ ಬೆಳಗ್ಗೆ ಮೊಮ್ಮಗಳು ಗಂಗಿಯನ್ನು ಶಾಲೆಗೆ ಕರೆತಂದ. ಆರು ವರ್ಷದ ಮಗು, ಮಾತು ತೊದಲುತ್ತದೆ. ಕುರಿಗಳಿಗೆ ಬರೆ ಹಾಕುವ ಕಬ್ಬಿಣವನ್ನು ಕಾಸಿ ಅವಳ ನಾಲಗೆಗೆ ಮುಟ್ಟಿಸಿದ್ದಾನೆ.

“ಬರೆ ಹಾಕಿದ್ರೆ ಬಿದ್ದ ಕುರಿನೂ ಎದ್ದು ನಿಲ್ತೈತೆ ಮೇಷ್ಟ್ರೇ,” ಎಂದ.

ಬೆತ್ತ ಮುರಿಯುವವರೆಗೆ ಮುದುಕನನ್ನು ಬಾರಿಸಿದೆ. ಅವನು ಕೈಯನ್ನೂ ಅಡ್ಡ ಹಿಡಿಯಲಿಲ್ಲ.

“ಹೊಡೀರಿ. ಹೋದ ವಾರ ಅಕ್ಷರ ತೊದಲಿದ್ಳು ಅಂತ ಇದೇ ಬೆತ್ತದಾಗೆ ಹೊಡ್ದು, ನಾಲಿಗೆ ನೆಟ್ಟಗೆ ಮಾಡಿಸ್ಕೊಂಡು ಬಾ ಅಂತ ಅಟ್ಟಿದೋರು ನೀವೇ ಅಲ್ವೇನ್ರಿ?”

ಮರೆತೇಬಿಟ್ಟಿದ್ದೆ. ಯಾವ ಮಗುವಿಗೆ ಏನೆಂದೆ ಎಂದು ನೆನಪಿಟ್ಟುಕೊಳ್ಳುವವನಲ್ಲ ನಾನು.

ಗಂಗಿ ಮುರಿದ ಬೆತ್ತದ ತುಂಡನ್ನು ಹೆಕ್ಕಿ ನನ್ನ ಕೈಗೆ ಕೊಟ್ಟು, ತಾನಾಗಿಯೇ ಅಂಗೈ ಚಾಚಿ ನಿಂತಳು.