ಸಿದ್ದಲಿಂಗವ್ವ ಇಲ್ಲ ಎಂದದ್ದು

14-11-2006, ಮಂಗಳವಾರ, ಸುರೇಬಾನ

ರಾಮದುರ್ಗ ತಾಲೂಕಿನಲ್ಲಿ ನನ್ನನ್ನು ಕೇಳದೆ ಯಾರೂ ಹುಟ್ಟುವುದಿಲ್ಲ, ಸಾಯುವುದೂ ಇಲ್ಲ. ಇಂದು ನನ್ನ ಮಾತಿನಿಂದ ನನ್ನ ಹೆಂಡತಿ ಸಿದ್ದಲಿಂಗವ್ವನೇ ಸಾಯುತ್ತಿದ್ದಳು.

ಐದು ವರ್ಷದ ಹಿಂದೆ ಆಕೆಯ ಎದೆಯ ಗಂಟು ತೆಗೆಸಿದ್ದೆವು. ಇಂದು ಆಸ್ಪತ್ರೆಯಿಂದ, ಕ್ಯಾನ್ಸರ್ ಆದವರಲ್ಲಿ ಯಾರು ಬದುಕಿದ್ದಾರೆಂದು ಪಟ್ಟಿ ಹಿಡಿದು ಬರೆದುಕೊಳ್ಳುವ ಹುಡುಗಿ ಬಂದಿದ್ದಳು.

“ಸಿದ್ದಲಿಂಗವ್ವಾರು ಅದಾರೇನ್ರಿ?”

“ಇಲ್ಲವ್ವಾ, ಹೋದ್ಲು.”

ಹುಡುಗಿ ‘ಮೃತ’ ಎಂದು ಬರೆದು ದನಿ ಇಳಿಸಿದಳು. “ಯಾವಾಗ್ರಿ?”

“ಮುಂಜಾನಿ ಏಳರ ಬಸ್ಸಿಗೆ, ಯರಗಟ್ಟಿಗೆ.”

ಆಕೆ ನಗುತ್ತ ಅದನ್ನು ಹೊಡೆದುಹಾಕುವಾಗಲೇ ಹೆಂಡತಿ ಚೀಲ ಹಿಡಿದು ಬಂದಳು. ಸಂಗತಿ ಕೇಳಿ, “ನನ್ನ ಸಾಯಿಸಿ ಯಾರನ್ನ ಮನಿ ತುಂಬಿಸ್ಕೊಳ್ಳಾವ್ರಿದ್ರಿ?” ಎಂದಳು. ಹುಡುಗಿ ‘ಜೀವಂತ’ ಎಂದು ದಪ್ಪಗೆ ಬರೆದಳು.

ಈಗ ಒಳಗೆ ಸಿದ್ದಲಿಂಗವ್ವನ ಗೊರಕೆ ಜೋರಾಗಿದೆ. ಕೇಳಲು ಹಿತ.

ಒಂದು ರಾತ್ರಿಯೂ ಹೆದರಲಿಲ್ಲ ಎಂದು ಹುಡುಗಿಯ ಮುಂದೆ ಜಂಬ ಕೊಚ್ಚಿದ್ದೆ. ಗಂಟು ತೆಗೆಸಿದ ವರ್ಷ ನಾನು ಕಳೆದುಕೊಂಡ ನಿದ್ದೆ ನಲವತ್ತೊಂದು ರಾತ್ರಿಯದು.